ಬಚ್ಚಲಿನ ಜಿರಳೆ ಬೇರೆ, ಮಿಕ್ಸರ್ ಅಡಿಯ ಜಿರಳೆ ಬೇರೆ: ನಮ್ಮ ಕಡೆಯ ಜಿರಳೆಗಳನ್ನು ಗುರುತಿಸುವುದು ಹೇಗೆ?

ಜೂನ್‌ನಲ್ಲಿ ಒಂದೆರಡು ದೊಡ್ಡ ಮಳೆ ಬಿದ್ದರೆ ಸಾಕು, ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಒಂದೇ ಮಾತು: ಈ ಸಲ ಜಿರಳೆ ಭಾಳ ಆಗ್ಯಾವ. ರಾತ್ರಿ ಬಚ್ಚಲಿಗೆ ಹೋಗಿ ಲೈಟ್ ಹಾಕಿದರೆ ನೀರು ಹೋಗುವ ಜಾಲರಿಯ ಮೇಲೆ ದೊಡ್ಡ ಕೆಂಪು ಜಿರಳೆ ಮೀಸೆ ಆಡಿಸುತ್ತಾ ಕೂತಿರುತ್ತದೆ. ಅದೇ ಮನೆಯ ಅಡುಗೆಮನೆಯಲ್ಲಿ ಮಿಕ್ಸರ್ ಎತ್ತಿದರೆ ಅಡಿಯಿಂದ ಸಣ್ಣವು ದಿಕ್ಕಾಪಾಲಾಗಿ ಓಡುತ್ತವೆ. ನೋಡಿದವರು ತಕ್ಷಣ ಲೆಕ್ಕ ಹಾಕುತ್ತಾರೆ: "ದೊಡ್ಡದು ಮರಿ ಹಾಕೇತಿ, ಅವೇ ಇವು."

ಆ ಲೆಕ್ಕ ಸಾಮಾನ್ಯವಾಗಿ ತಪ್ಪು. ಅವು ತಾಯಿ-ಮರಿ ಅಲ್ಲ, ಎರಡು ಬೇರೆ ಜಾತಿಗಳು. ಒಂದು ಗಟಾರದಲ್ಲಿ ಬೆಳೆದು ನಿಮ್ಮ ಮನೆಗೆ ಹತ್ತಿ ಬಂದದ್ದು. ಇನ್ನೊಂದು ನಿಮ್ಮ ಅಡುಗೆಮನೆಯಲ್ಲೇ ಹುಟ್ಟಿದ್ದು, ಅಲ್ಲೇ ಸಾಯುವಂಥದ್ದು. ಒಂದಕ್ಕೆ ಪ್ಲಂಬರ್ ಬೇಕು, ಇನ್ನೊಂದಕ್ಕೆ ಔಷಧ ಬೇಕು. ಯಾವುದು ಯಾವುದೆಂದು ಗೊತ್ತಿಲ್ಲದೆ ಎಲ್ಲಕ್ಕೂ ಒಂದೇ ಡಬ್ಬಿ ಸ್ಪ್ರೇ ಹೊಡೆಯುತ್ತೇವೆ. ಎಂಟು ದಿನ ಬಿಟ್ಟು ಮತ್ತೆ ಅದೇ ಗೋಳು.

ಜಗತ್ತಿನಲ್ಲಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಜಾತಿಯ ಜಿರಳೆಗಳಿವೆ. ಅದರಲ್ಲಿ ಮನುಷ್ಯರ ಜೊತೆ ಒಡನಾಟ ಇಟ್ಟುಕೊಂಡವು ಸುಮಾರು ಮೂವತ್ತು ಅಷ್ಟೇ. ಮನೆಯೊಳಗೆ ನಿಜವಾಗಿ ಕಾಟ ಕೊಡುವವು ಬೆರಳೆಣಿಕೆಯಷ್ಟು. ಹಾಗಾಗಿ ಗುರುತು ಹಿಡಿಯುವುದು ಅಂದುಕೊಂಡಷ್ಟು ಕಷ್ಟದ ಕೆಲಸ ಅಲ್ಲ. ಇನ್ನೊಂದು ವಿಷಯ ಗೊತ್ತಾ? ಬಾಗಿಲು ಚೌಕಟ್ಟು ತಿನ್ನುವ ಗೆದ್ದಲು ಕೂಡ ಇದೇ ಬಳಗದ್ದು. ಗೆದ್ದಲುಗಳು ಜಿರಳೆ ಕುಲದೊಳಗಿಂದಲೇ ಕವಲೊಡೆದವು ಅಂತ ಡಿಎನ್‌ಎ ಅಧ್ಯಯನಗಳು ತೋರಿಸಿವೆ.

## ಎಲ್ಲಿ ನೋಡಬೇಕು?

ಜಿರಳೆಯನ್ನು ಮೇಲಿನಿಂದ ನೋಡಿದರೆ ತಲೆ ಕಾಣುವುದಿಲ್ಲ. ತಲೆಯನ್ನು ಮುಚ್ಚಿಕೊಂಡಂತೆ ಒಂದು ಅಗಲವಾದ ಚಪ್ಪಟೆ ಹಾಳೆ ಇರುತ್ತದೆ. ಇದನ್ನು ಕತ್ತಿನ ಫಲಕ ಅನ್ನೋಣ. ಗುರುತಿನ ಮುಕ್ಕಾಲು ಪಾಲು ಇರುವುದು ಇಲ್ಲೇ. ಅದರ ಮೇಲೆ ಗೆರೆ ಇದೆಯಾ, ಹಳದಿ ಅಂಚು ಇದೆಯಾ, ಪೂರ್ತಿ ಕಪ್ಪಾ, ಇಷ್ಟು ನೋಡಿದರೆ ಅರ್ಧ ಕೆಲಸ ಮುಗೀತು.

ಎರಡನೆಯದು ಅಳತೆ. ಕೈಯಲ್ಲಿ ಸ್ಕೇಲ್ ಇರಲ್ಲ, ಹತ್ತು ರೂಪಾಯಿ ನಾಣ್ಯ ಇರುತ್ತದೆ. ಅದರ ಅಗಲ 27 ಮಿಲಿಮೀಟರ್. ಮೀಸೆ ಬಿಟ್ಟು ಮೈ ಮಾತ್ರ ಲೆಕ್ಕ ಹಾಕಿ. ಜಿರಳೆ ನಾಣ್ಯಕ್ಕಿಂತ ಉದ್ದವೋ, ಅರ್ಧದಷ್ಟೋ ನೋಡಿ.

ಮೂರನೆಯದು ಮೊಟ್ಟೆ ಚೀಲ. ಜಿರಳೆ ಮೊಟ್ಟೆಗಳನ್ನು ಬಿಡಿಬಿಡಿಯಾಗಿ ಇಡುವುದಿಲ್ಲ. ಅವರೆಕಾಯಿಯಲ್ಲಿ ಕಾಳು ಕೂತ ಹಾಗೆ ಒಂದು ಗಟ್ಟಿ ಕಂದು ಚೀಲದೊಳಗೆ ಸಾಲಾಗಿ ಜೋಡಿಸಿಡುತ್ತದೆ. ಬೀರುವಿನ ಮೂಲೆಯಲ್ಲೋ ಡ್ರಾವರ್ ಹಿಂದೆಯೋ ಇಂಥದ್ದು ಸಿಕ್ಕಿರಬಹುದು, ಏನೋ ಬೀಜ ಅಂತ ಗುಡಿಸಿ ಹಾಕಿರುತ್ತೀರಿ. ಯಾವ ಜಾತಿ ಆ ಚೀಲವನ್ನು ಎಲ್ಲಿಡುತ್ತದೆ ಅನ್ನುವುದೂ ಒಂದು ಗುರುತು.

ಮರಿಗಳ ಬಗ್ಗೆ ಒಂದು ಮಾತು. ಜಿರಳೆಗೆ ಚಿಟ್ಟೆಯ ಥರ ಕಂಬಳಿಹುಳ, ಕೋಶ ಅಂತ ಹಂತಗಳಿಲ್ಲ. ಮೊಟ್ಟೆಯಿಂದ ಹೊರಬರುವಾಗಲೇ ಪುಟ್ಟ ಜಿರಳೆಯಾಗಿರುತ್ತದೆ, ರೆಕ್ಕೆ ಮಾತ್ರ ಇರುವುದಿಲ್ಲ. ಪೊರೆ ಬಿಡುತ್ತಾ ಬಿಡುತ್ತಾ ದೊಡ್ಡದಾಗುತ್ತದೆ, ಕೊನೆಯ ಪೊರೆ ಬಿಟ್ಟ ಮೇಲೆ ರೆಕ್ಕೆ ಪೂರ್ತಿ ಬರುತ್ತದೆ. ಅಂದರೆ ರೆಕ್ಕೆ ಇದ್ದರೆ ಅದು ಬೆಳೆದ ಜಿರಳೆ, ಇನ್ನು ಮುಂದೆ ಬೆಳೆಯುವುದಿಲ್ಲ. ಮಿಕ್ಸರ್ ಅಡಿಯ ಸಣ್ಣದಕ್ಕೆ ಮೈ ಮುಚ್ಚುವಷ್ಟು ರೆಕ್ಕೆ ಇದೆಯಾ? ಇದ್ದರೆ ಅದು ಬಚ್ಚಲಿನ ದೊಡ್ಡದರ ಮರಿ ಆಗಲಿಕ್ಕೆ ಸಾಧ್ಯವೇ ಇಲ್ಲ.

ಹಾಗೇ ಒಮ್ಮೊಮ್ಮೆ ಹಾಲಿನ ಬಣ್ಣದ ಬಿಳಿ ಜಿರಳೆ ಕಂಡು ಗಾಬರಿಯಾಗುವವರಿದ್ದಾರೆ. ಅದು ಹೊಸ ಜಾತಿ ಅಲ್ಲ. ಈಗಷ್ಟೇ ಪೊರೆ ಬಿಟ್ಟ ಮಾಮೂಲಿ ಜಿರಳೆ. ಕೆಲವು ಗಂಟೆಯಲ್ಲಿ ಮೈ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ.

## ಅಡುಗೆಮನೆಯ ಸಣ್ಣದು: ಜರ್ಮನ್ ಜಿರಳೆ

ಉದ್ದ 12ರಿಂದ 15 ಮಿಲಿಮೀಟರ್, ಅಂದರೆ ಹತ್ತು ರೂಪಾಯಿ ನಾಣ್ಯದ ಅರ್ಧದಷ್ಟು. ಬಣ್ಣ ತಿಳಿ ಕಂದು. ಕತ್ತಿನ ಫಲಕದ ಮೇಲೆ ಉದ್ದಕ್ಕೆ ಎರಡು ಕಪ್ಪು ಗೆರೆ, ಅಕ್ಕಪಕ್ಕ. ಈ ಎರಡು ಗೆರೆ ಕಂಡರೆ ಮುಂದೆ ಯೋಚನೆ ಮಾಡಬೇಕಿಲ್ಲ, ಅದು ಬ್ಲಾಟೆಲ್ಲಾ ಜರ್ಮಾನಿಕಾ. ರೆಕ್ಕೆ ಇದ್ದರೂ ಹಾರುವುದಿಲ್ಲ, ಓಡುತ್ತದೆ.

ಇದನ್ನು ಹತ್ತಿರದಿಂದ ನೋಡಬೇಕಂದ್ರೆ ರಾತ್ರಿ ಅಡುಗೆಮನೆಯ ಲೈಟ್ ಆರಿಸಿ ಒಂದು ಗಂಟೆ ಬಿಟ್ಟು ಟಾರ್ಚ್ ಹಿಡಿದು ಹೋಗಿ. ಫ್ರಿಜ್ ಬಾಗಿಲಿನ ರಬ್ಬರ್ ಪಟ್ಟಿಯ ಮಡಿಕೆ, ಗ್ಯಾಸ್ ಒಲೆಯ ಅಡಿಭಾಗ, ಸಿಂಕ್ ಕೆಳಗಿನ ಕಟ್ಟಿಗೆಯ ಬಾಗಿಲಿನ ಬಿಜಾಗರಿ, ಅಕ್ವಾಗಾರ್ಡ್ ಹಿಂಬದಿ, ಇವೇ ಅದರ ಠಿಕಾಣಿಗಳು. ಬಿಜಾಗರಿಯ ಸಂದಿಯಲ್ಲಿ ಸಾಲಾಗಿ ಕೂತಿರುತ್ತವೆ. ಮೀಸೆಗಳು ಮಾತ್ರ ಹೊರಗೆ, ಬೆಳಕು ಬಿದ್ದ ಕೂಡಲೇ ಒಳಗೆ. ಅದರ ಸುತ್ತ ಕಾಳುಮೆಣಸಿನ ಪುಡಿ ಚೆಲ್ಲಿದ ಥರ ಕಪ್ಪು ಚುಕ್ಕಿಗಳು, ಅದು ಹಿಕ್ಕೆ. ಒಂದೆರಡು ಹೆಣ್ಣುಗಳ ಹಿಂಬದಿಯಲ್ಲಿ ತಿಳಿ ಕಂದಿನ ಮೊಟ್ಟೆ ಚೀಲ ಅರ್ಧ ಹೊರಗೆ ಚಾಚಿಕೊಂಡಿರುತ್ತದೆ, ಮೈಗಿಂತ ಅದೇ ಅಗಲ ಅನ್ನಿಸುವ ಹಾಗೆ.

ಆ ಚೀಲದಲ್ಲೇ ಇದರ ಗುಟ್ಟು ಇರುವುದು. ಮನೆಯೊಳಗಿನ ಬೇರೆ ಜಿರಳೆಗಳು ಒಂದೆರಡು ದಿನದಲ್ಲಿ ಚೀಲವನ್ನು ಎಲ್ಲೋ ಅಂಟಿಸಿ ಹೋಗುತ್ತವೆ. ಜರ್ಮನ್ ಹೆಣ್ಣು ಮಾತ್ರ ಮೊಟ್ಟೆ ಒಡೆಯುವ ಸಮಯದವರೆಗೂ ಹೊತ್ತುಕೊಂಡೇ ಓಡಾಡುತ್ತದೆ. ಒಂದು ಚೀಲದಲ್ಲಿ 30ರಿಂದ 40 ಮೊಟ್ಟೆ. ಬೆಚ್ಚಗಿನ ಜಾಗ ಸಿಕ್ಕರೆ ಎರಡು-ಮೂರು ತಿಂಗಳಲ್ಲಿ ಆ ಮರಿಗಳು ಮತ್ತೆ ಮರಿ ಮಾಡಲಿಕ್ಕೆ ತಯಾರು. ಫ್ರಿಜ್ ಮೋಟರ್ ಪಕ್ಕ ವರ್ಷವಿಡೀ ಬೆಚ್ಚಗೇ ಇರುತ್ತದಲ್ಲ, ಹಾಗಾಗಿ ಇದಕ್ಕೆ ಮಳೆಗಾಲ ಚಳಿಗಾಲ ಅಂತ ಭೇದವೇ ಇಲ್ಲ.

ಇದು ಗಟಾರದಿಂದ ಬರುವುದಿಲ್ಲ. ಯಾರೋ ತರುತ್ತಾರೆ, ಬಹಳ ಸಲ ನಾವೇ. ಸೆಕೆಂಡ್ ಹ್ಯಾಂಡ್ ಫ್ರಿಜ್, ಕಿರಾಣಿ ರಟ್ಟಿನ ಬಾಕ್ಸ್, ಮೊಟ್ಟೆ ಟ್ರೇ, ಹಾಸ್ಟೆಲ್‌ನಿಂದ ರಜೆಗೆ ಬಂದ ಮಕ್ಕಳ ಟ್ರಂಕ್. ಧಾರವಾಡದಂಥ ಊರಿನಲ್ಲಿ ಪ್ರತಿ ವರ್ಷ ಸಾವಿರಾರು ಹುಡುಗರು ರೂಮ್ ಬದಲಿಸುತ್ತಾರೆ, ಇಂಡಕ್ಷನ್ ಒಲೆ, ಪುಸ್ತಕದ ಬಾಕ್ಸ್ ಸಮೇತ. ಖಾನಾವಳಿ, ಬೇಕರಿ, ಮೆಸ್‌ಗಳ ಅಡುಗೆಮನೆಯಲ್ಲಿ ಇದಕ್ಕೆ ಬೇಕಾದ್ದೆಲ್ಲ ಒಂದೇ ಕಡೆ ಸಿಗುತ್ತದೆ: ಶಾಖ, ನೀರು, ಜಿಡ್ಡು.

ಹೆಸರು ಜರ್ಮನ್ ಆದರೂ ಊರು ಅಲ್ಲಿನದ್ದಲ್ಲ. 1767ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಕಾರ್ಲ್ ಲಿನ್ನೇಯಸ್ ಹಾಗೆ ಹೆಸರಿಟ್ಟ, ಅದೇ ಉಳಿಯಿತು. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ 17 ದೇಶಗಳ 281 ಜಿರಳೆಗಳ ಡಿಎನ್‌ಎ ಹೋಲಿಸಿ ನೋಡಿತು. ಅದರ ಪ್ರಕಾರ ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್‌ನಲ್ಲಿ, ಹೊರಗೆ ತರಗೆಲೆಯಲ್ಲಿ ಬದುಕುವ ಏಷ್ಯನ್ ಜಿರಳೆಯಿಂದ ಇದು ಬೇರೆಯಾಯಿತು. ಮನುಷ್ಯರ ಮನೆ ಹಿಡಿಯಿತು. ಸುಮಾರು 1,200 ವರ್ಷಗಳ ಹಿಂದೆ ವ್ಯಾಪಾರಿಗಳ, ಸೈನ್ಯಗಳ ಜೊತೆ ಪಶ್ಚಿಮಕ್ಕೆ ಹೊರಟು, ಕೊನೆಗೆ ಯುರೋಪ್ ಮುಟ್ಟಿತು. ಈಗ ಕಾಡಿನಲ್ಲಿ ಇದು ಸಿಗುವುದೇ ಇಲ್ಲ, ಕಟ್ಟಡಗಳೇ ಇದರ ಕಾಡು. ನಮ್ಮ ಕಡೆಯದೇ ಪ್ರಾಣಿ, ಜಗತ್ತೆಲ್ಲ ಸುತ್ತಿ ಬಂದಿದೆ ಅಷ್ಟೇ.

## ಬಚ್ಚಲಿನ ದೊಡ್ಡದು: ಅಮೆರಿಕನ್ ಜಿರಳೆ

ಪಿಯುಸಿಯಲ್ಲಿ ಬಯಾಲಜಿ ಓದಿದವರಿಗೆ ಪೆರಿಪ್ಲಾನೆಟಾ ಅಮೆರಿಕಾನಾ ಅನ್ನುವ ಹೆಸರು ನೆನಪಿರಬೇಕು. ಪಠ್ಯಪುಸ್ತಕ ಕೊಡುವ ಅಳತೆ 34ರಿಂದ 53 ಮಿಲಿಮೀಟರ್. ಹತ್ತು ರೂಪಾಯಿ ನಾಣ್ಯ ಪಕ್ಕದಲ್ಲಿಟ್ಟರೆ ನಾಣ್ಯ ಸಣ್ಣದಾಗಿ ಕಾಣುತ್ತದೆ. ಬಣ್ಣ ಹೊಳೆಯುವ ಕೆಂಪು-ಕಂದು. ಕತ್ತಿನ ಫಲಕದ ಸುತ್ತ ಮಸುಕು ಹಳದಿ ಅಂಚು, ನಡುವೆ ಕಂದು ಮಚ್ಚೆ. ಸೆಖೆಯ ರಾತ್ರಿಗಳಲ್ಲಿ ರೆಕ್ಕೆ ಬಿಚ್ಚಿ ಗೋಡೆಯಿಂದ ಗೋಡೆಗೆ ತೇಲಿ ಬರುತ್ತದೆ. ಮನೆಮಂದಿಯೆಲ್ಲ ಹಾಸಿಗೆ ಬಿಟ್ಟು ಎದ್ದು ಓಡುವುದು ಆಗಲೇ.

ಇದೂ ಅಮೆರಿಕದ್ದಲ್ಲ ಬಿಡಿ, ಮೂಲ ಆಫ್ರಿಕಾ. ಹಡಗುಗಳಲ್ಲಿ ಅಮೆರಿಕ ಸೇರಿತು, ಅಲ್ಲಿಂದ ಹೆಸರು ಪಡೆಯಿತು.

ಇದರ ಬದುಕು ನಿಧಾನ. ಒಂದು ಚೀಲದಲ್ಲಿ 14ರಿಂದ 16 ಮೊಟ್ಟೆ. ಚೀಲವನ್ನು ಒಂದೆರಡು ದಿನದಲ್ಲಿ ಒದ್ದೆಯಿರುವ ಸಂದಿಯಲ್ಲಿ ಅಂಟಿಸಿ ಹೋಗುತ್ತದೆ. ಮರಿ ಸುಮಾರು 13 ಸಲ ಪೊರೆ ಬಿಟ್ಟು ದೊಡ್ಡದಾಗಬೇಕು, ಅದಕ್ಕೆ ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಹಾಗಾದರೆ ಮಳೆ ಬಂದ ವಾರದಲ್ಲೇ ಇಷ್ಟೊಂದು ಎಲ್ಲಿಂದ ಬಂದವು? ಹೊಸದಾಗಿ ಹುಟ್ಟಿದ್ದಲ್ಲ. ಇಷ್ಟು ದಿನ ಚೇಂಬರ್, ಒಳಚರಂಡಿ, ಸೆಪ್ಟಿಕ್ ಟ್ಯಾಂಕ್‌ಗಳಲ್ಲಿ ಕಣ್ಣಿಗೆ ಬೀಳದೆ ಇದ್ದವು. ಮಳೆ ನೀರು ನುಗ್ಗಿ ಅವುಗಳ ಮನೆ ಮುಳುಗಿತು. ಪೈಪ್ ಹಿಡಿದು ಮೇಲೆ ಹತ್ತಿದವು.

ಇಲ್ಲಿ ನಮ್ಮ ಊರಿನ ಮಣ್ಣಿನ ಪಾತ್ರವೂ ಇದೆ. ಹುಬ್ಬಳ್ಳಿ, ನವಲಗುಂದ, ಗದಗ ಕಡೆಯದು ಎರೆಭೂಮಿ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ವರ್ಷಾ ವರ್ಷಾ ಹೀಗೆ ಕುಗ್ಗಿ ಹಿಗ್ಗಿ ನೆಲದೊಳಗಿನ ಪೈಪಿನ ಜಾಯಿಂಟ್, ಚೇಂಬರಿನ ಇಟ್ಟಂಗಿ ಗೋಡೆ ಸಡಿಲಾಗುತ್ತವೆ. ಅಮೆರಿಕನ್ ಜಿರಳೆಗೆ ಬೇಕಾದ್ದು ದೊಡ್ಡ ದಾರಿಯೇನಲ್ಲ. ಮೈ ಚಪ್ಪಟೆ ಮಾಡಿಕೊಂಡು ಮೂರು ಮಿಲಿಮೀಟರ್ ಸಂದಿಯಲ್ಲಿ ತೂರಬಲ್ಲದು ಅಂತ 2016ರ ಒಂದು ಪ್ರಯೋಗದಲ್ಲಿ ಅಳೆದು ನೋಡಿದ್ದಾರೆ. ಎರಡು ಒಂದು ರೂಪಾಯಿ ನಾಣ್ಯ ಒಂದರ ಮೇಲೊಂದು ಇಟ್ಟರೆ ಹೆಚ್ಚುಕಮ್ಮಿ ಅಷ್ಟು ದಪ್ಪ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಬಚ್ಚಲಿನ ನೆಲದ ಜಾಲರಿಯ ಕೆಳಗೆ ಒಂದು ಬಟ್ಟಲಿನಂಥ ಭಾಗ ಇರುತ್ತದೆ, ಪ್ಲಂಬರ್‌ಗಳು ನಹಾನಿ ಟ್ರ್ಯಾಪ್ ಅನ್ನುತ್ತಾರೆ. ಅದರಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರಬೇಕು. ಆ ನೀರೇ ಗಟಾರಕ್ಕೂ ಮನೆಗೂ ನಡುವಿನ ಬಾಗಿಲು. ಮೇ ತಿಂಗಳಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋದಿರಿ ಅಂತಿಟ್ಟುಕೊಳ್ಳಿ. ಬಿಸಿಲಿಗೆ ಟ್ರ್ಯಾಪಿನ ನೀರು ಒಣಗುತ್ತದೆ, ಬಾಗಿಲು ತೆರೆದಂತಾಯಿತು. ಜೂನ್‌ನಲ್ಲಿ ವಾಪಸ್ ಬಂದು ನೋಡಿದರೆ ಮನೆ ತುಂಬಾ ಜಿರಳೆ, "ಒಂದು ತುತ್ತು ಅನ್ನ ಇಲ್ಲದ ಮನೆಗೆ ಹೆಂಗ ಬಂದ್ವು" ಅಂತ ಆಶ್ಚರ್ಯ ಬೇರೆ. ಬಳಸದ ಎರಡನೇ ಬಾತ್‌ರೂಮ್ ಇರುವ ಮನೆಗಳದ್ದೂ ಇದೇ ಕತೆ. ನೀರು ದಿನಾ ಬರದ ಬಡಾವಣೆಗಳಲ್ಲಿ ಡ್ರಮ್, ಸಂಪ್, ಕೊಡ ಎಲ್ಲ ತುಂಬಿಟ್ಟಿರುತ್ತಾರೆ. ಡ್ರಮ್ಮಿನ ಅಡಿಯ ಒದ್ದೆ ನೆಲ ಇದಕ್ಕೆ ಒಳ್ಳೇ ಜಾಗ, ಹಾಗಾಗಿ ಒಳಗೆ ಬಂದದ್ದು ಬೇಗ ವಾಪಸ್ ಹೋಗುವುದಿಲ್ಲ.

ಮನೆಯಲ್ಲಿ ಅಮೆರಿಕನ್ ಜಿರಳೆ ಇದೆ ಅಂತ ಹೇಳುವ ಎರಡು ಹುಳಗಳೂ ಇವೆ. ಒಂದು, ಕಿಟಕಿ ಗಾಜಿನ ಮೇಲೆ ಓಡಾಡುವ ಸಣ್ಣ ಕಪ್ಪು ಕಣಜ. ಪುಟ್ಟ ಹೊಟ್ಟೆಯನ್ನು ಸದಾ ಮೇಲೆ ಕೆಳಗೆ ಆಡಿಸುತ್ತಿರುತ್ತದೆ. ಕಚ್ಚುವುದಿಲ್ಲ, ಕುಟುಕುವುದಿಲ್ಲ. ಅದು ದೊಡ್ಡ ಜಿರಳೆಗಳ ಮೊಟ್ಟೆ ಚೀಲ ಹುಡುಕಿ ಅದರೊಳಗೆ ತನ್ನ ಮೊಟ್ಟೆ ಇಡುತ್ತದೆ. ಅದರ ಮರಿ ಒಳಗಿನ ಮೊಟ್ಟೆಗಳನ್ನು ತಿಂದು ಬೆಳೆಯುತ್ತದೆ. ಎರಡನೆಯದು ಹಸಿರು-ನೀಲಿ ಬಣ್ಣದಲ್ಲಿ ಮಿರಮಿರ ಮಿಂಚುವ, ಕೆಂಪು ತೊಡೆಯ ಕಣಜ. ಇದು ನೇರವಾಗಿ ಜಿರಳೆಯ ತಲೆಯೊಳಗೇ ಮುಳ್ಳು ಚುಚ್ಚಿ ಅದರ ಓಡುವ ಬುದ್ಧಿ ಕಿತ್ತುಹಾಕುತ್ತದೆ. ಆಮೇಲೆ ಮೀಸೆಯನ್ನು ಅರ್ಧಕ್ಕೆ ಕತ್ತರಿಸಿ, ಉಳಿದ ತುಂಡು ಹಿಡಿದು ಎಳೆದರೆ ತನಗಿಂತ ದೊಡ್ಡದಾದ ಜಿರಳೆ ಸುಮ್ನೆ ಹಿಂದೆ ಹಿಂದೆ ನಡೆದು ಬರುತ್ತದೆ. ಬಿಲದೊಳಗೆ ಕರೆದೊಯ್ದು ಕಾಲಿಗೆ ಒಂದು ಮೊಟ್ಟೆ ಅಂಟಿಸಿ ಬಾಗಿಲು ಮುಚ್ಚುತ್ತದೆ. ಹಿತ್ತಿಲಲ್ಲಿ ಈ ಮೆರವಣಿಗೆ ಕಂಡರೆ ದಯವಿಟ್ಟು ಚಪ್ಪಲಿ ಎತ್ತಬೇಡಿ.

## ದೊಡ್ಡದನ್ನೇ ಹೋಲುವ ಇನ್ನೊಂದು

ಆಸ್ಟ್ರೇಲಿಯನ್ ಜಿರಳೆ ಅಂತ ಒಂದಿದೆ. ಅಮೆರಿಕನ್‌ನ ಹತ್ತಿರದ ಸಂಬಂಧಿ, ಅಳತೆಯಲ್ಲಿ ಸ್ವಲ್ಪ ಕಮ್ಮಿ, 30ರಿಂದ 35 ಮಿಲಿಮೀಟರ್. ವ್ಯತ್ಯಾಸ ಭುಜದಲ್ಲಿ. ರೆಕ್ಕೆಯ ಹೊರ ಅಂಚಿನಲ್ಲಿ, ಭುಜದಿಂದ ಶುರುವಾಗಿ ಸ್ವಲ್ಪ ದೂರ, ಎದ್ದು ಕಾಣುವ ಹಳದಿ ಪಟ್ಟಿ ಇರುತ್ತದೆ. ಕತ್ತಿನ ಫಲಕದ ಹಳದಿ ಉಂಗುರವೂ ಮಸುಕಲ್ಲ, ಸ್ಪಷ್ಟ. ಮರಿಗಳ ಮೈಮೇಲೆ ಹಳದಿ ಚುಕ್ಕಿಗಳು.

ಇದು ಗಿಡಗಳ ಹತ್ತಿರ ಇರುವಂಥದ್ದು. ಕುಂಡದ ಅಡಿ, ಕಟ್ಟಿಗೆ ರಾಶಿ, ಒದ್ದೆ ತರಗೆಲೆ. ಗದಗಿನ ಒಣ ಹವೆಗಿಂತ ಧಾರವಾಡದ ಮರಗಳಿರುವ ಹಳೇ ಕಂಪೌಂಡುಗಳು ಇದಕ್ಕೆ ಹೊಂದುತ್ತವೆ. ಮನೆಯೊಳಗೆ ಒಂದು ಸಿಕ್ಕರೆ ಅಡುಗೆಮನೆ ಹುಡುಕಬೇಡಿ, ವರಾಂಡದ ಕುಂಡ ಎತ್ತಿ ನೋಡಿ.

## ಒಣ ಜಾಗದ ಸಣ್ಣದು: ಕಂದು ಪಟ್ಟಿಯ ಜಿರಳೆ

ಜರ್ಮನ್ ಜಿರಳೆ ಅಂತ ತಪ್ಪು ತಿಳಿಯುವುದು ಜಾಸ್ತಿ ಇದನ್ನೇ. ಅಳತೆ ಅಷ್ಟೇ, 10ರಿಂದ 14 ಮಿಲಿಮೀಟರ್. ಆದರೆ ಕತ್ತಿನ ಮೇಲೆ ಎರಡು ಗೆರೆ ಇಲ್ಲ. ಬದಲಿಗೆ ಮೈಗೆ ಅಡ್ಡಲಾಗಿ ತಿಳಿ ಬಣ್ಣದ ಎರಡು ಪಟ್ಟಿ ಇರುತ್ತವೆ, ಮರಿಗಳಲ್ಲಿ ಇನ್ನೂ ಚೆನ್ನಾಗಿ ಕಾಣುತ್ತವೆ. ಗಂಡು ಹಾರುತ್ತದೆ.

ಇದಕ್ಕೆ ನೀರಿನ ಹಂಗು ಕಮ್ಮಿ. ಅಡುಗೆಮನೆ ಬಿಟ್ಟು ಮಲಗುವ ಕೋಣೆ, ಹಾಲ್‌ಗಳಲ್ಲಿ, ಅದರಲ್ಲೂ ಎತ್ತರದಲ್ಲಿ ವಾಸ. ಗೋಡೆ ಗಡಿಯಾರದ ಹಿಂದೆ, ದೇವರ ಫೋಟೋ ಹಿಂದೆ, ಟಿವಿಯೊಳಗೆ, ಸೆಟ್‌ಟಾಪ್ ಬಾಕ್ಸ್, ವೈಫೈ ರೂಟರ್, ಪುಸ್ತಕದ ಕಪಾಟು. ಐದು ಮಿಲಿಮೀಟರಿನ ಪುಟ್ಟ ಮೊಟ್ಟೆ ಚೀಲಗಳನ್ನು ಕಪಾಟಿನ ಒಳಮೈಗೆ, ಕುರ್ಚಿ ಅಡಿಗೆ ಅಂಟಿಸಿರುತ್ತದೆ. ಪುಸ್ತಕದ ಬೆನ್ನಿನ ಅಂಟು, ಗಂಜಿ ಹಾಕಿದ ಬಟ್ಟೆ ಅಂದರೆ ಇಷ್ಟ. ಸಿಂಕ್ ಕೆಳಗೆ ಎಷ್ಟು ಔಷಧ ಇಟ್ಟರೂ ಹಾಲ್‌ನಲ್ಲಿ ಜಿರಳೆ ನಿಲ್ಲುತ್ತಿಲ್ಲ ಅಂದರೆ ಅನುಮಾನ ಪಡಬೇಕಾದ್ದು ಇದರ ಮೇಲೆ.

## ಹೊರಗಿನವು: ಇವಕ್ಕೆ ನಿಮ್ಮ ಅಡುಗೆಮನೆ ಬೇಕಿಲ್ಲ

ಕುಂಡದ ಮಣ್ಣು ಕೆದರುವಾಗ, ತಿಪ್ಪೆ ಸರಿಸುವಾಗ, ದುಂಡಗಿನ, ಹೊಳೆಯುವ ಒಂದು ಹುಳ ಮಣ್ಣೊಳಗೆ ಗಬಗಬನೆ ಇಳಿದು ಹೋಗುವುದನ್ನು ನೋಡಿರುತ್ತೀರಿ. ಸುರಿನಾಮ್ ಜಿರಳೆ ಇರಬಹುದು. ಉದ್ದ 18ರಿಂದ 25 ಮಿಲಿಮೀಟರ್, ಹೆಚ್ಚುಕಮ್ಮಿ ಒಂದು ರೂಪಾಯಿ ನಾಣ್ಯದಷ್ಟು. ಕತ್ತಿನ ಫಲಕ ಕಪ್ಪು, ಮುಂಭಾಗದಲ್ಲಿ ಮಾತ್ರ ತೆಳು ಬಿಳಿಚು ಅಂಚು, ರೆಕ್ಕೆ ಕಂದು. ಇದು ಗೋಡೆ ಹತ್ತುವ ಗಿರಾಕಿ ಅಲ್ಲ, ಮಣ್ಣು ತೋಡುವಂಥದ್ದು. ಜಗತ್ತಿನ ಬಹುಪಾಲು ಕಡೆ ಇದರಲ್ಲಿ ಬರೀ ಹೆಣ್ಣುಗಳೇ. ಗಂಡಿನ ಗೊಡವೆ ಇಲ್ಲದೆ ಹೆಣ್ಣು ಮರಿಗಳನ್ನೇ ಹೆರುತ್ತದೆ. ಚೀಲ ಹೊರಗೆ ಇಡುವುದೂ ಇಲ್ಲ, ಮೊಟ್ಟೆ ಹೊಟ್ಟೆಯೊಳಗೇ ಒಡೆದು ಮರಿ ಹೊರಬರುತ್ತದೆ. ಎಳೆ ಬೇರು ಕಡಿಯುತ್ತದೆ ಅನ್ನುವುದೊಂದು ದೂರು. ಉಳಿದಂತೆ ಕೊಳೆತದ್ದನ್ನು ತಿಂದು ಗೊಬ್ಬರ ಮಾಡುವ ಕೆಲಸ ಅದರದು.

ಇನ್ನು ಚೆಲುವಿನ ವಿಷಯಕ್ಕೆ ಬಂದರೆ ಒಂದು ಜಿರಳೆಯನ್ನು ನೀವು ನೋಡಲೇಬೇಕು. ಡಾಮಿನೊ ಜಿರಳೆ, ತೆರಿಯಾ ಪೆಟಿವೆರಿಯಾನಾ. ದಕ್ಷಿಣ ಭಾರತದ ಕುರುಚಲು ಕಾಡುಗಳ ಹುಳ. ಎರಡೂವರೆ ಸೆಂಟಿಮೀಟರ್ ಹತ್ತಿರದ ದುಂಡು ಮೈ, ಅಚ್ಚ ಕಪ್ಪು, ಮೇಲೆ ಏಳು ಕೆನೆಬಿಳಿ ಚುಕ್ಕಿ. ಜಿರಳೆ ಅಂದರೆ ಯಾರೂ ನಂಬುವುದಿಲ್ಲ. ಹೀಗೇಕೆ ಇದೆ ಅನ್ನುವುದಕ್ಕೆ ಒಂದು ವಿವರಣೆ ಇದೆ: ಇದೇ ನೆಲದಲ್ಲಿ ಆರು ಬಿಳಿ ಚುಕ್ಕಿಯ ದೊಡ್ಡ ಕಪ್ಪು ದುಂಬಿಯೊಂದು ಓಡಾಡುತ್ತದೆ, ಮೈಮೇಲೆ ಬಂದವರಿಗೆ ಉರಿಯುವ ದ್ರವ ಚಿಮ್ಮಿಸುತ್ತದೆ. ಅದರ ಸಹವಾಸ ಮಾಡಿದ ಹಕ್ಕಿ ಇನ್ನೊಮ್ಮೆ ಕಪ್ಪು ಮೈ, ಬಿಳಿ ಚುಕ್ಕಿ ಕಂಡರೆ ದೂರ ಸರಿಯುತ್ತದೆ. ಆ ಭಯದ ಲಾಭ ಈ ಬಡಪಾಯಿ ಜಿರಳೆಗೆ. ಗದಗಿನ ಕಪ್ಪತಗುಡ್ಡ, ರಾಣೆಬೆನ್ನೂರಿನ ಕೃಷ್ಣಮೃಗಗಳ ಕಾಡು, ಇಂಥ ಒಣ ಕುರುಚಲು ಜಾಗಗಳಿಗೆ ಹೋದಾಗ ಪೊದೆಗಳ ಬುಡದ ತರಗೆಲೆಯ ಮೇಲೆ ಒಂದು ಕಣ್ಣಿಡಿ. ಮನೆಗೆ ಇದು ಬರುವುದಿಲ್ಲ, ಬಂದರೂ ಯಾರಿಗೂ ತೊಂದರೆ ಇಲ್ಲ.

## ಜಿರಳೆಯೇ ಅಲ್ಲದವು

ಮೊದಲ ಮಳೆಯ ಸಂಜೆ ಬಲ್ಬಿಗೆ ಬಂದು ಬಡಿದು ಕೆಳಗೆ ಬೀಳುವ ಕಂದು ಹುಳಗಳು ಜಿರಳೆ ಅಲ್ಲ. ಅವು ದುಂಬಿಗಳು, ರೈತರಿಗೆ ಗೊತ್ತಿರುವ ಗೊಣ್ಣೆಹುಳ ದೊಡ್ಡದಾದ ಮೇಲಿನ ರೂಪ. ಗುರುತು ಸುಲಭ. ದುಂಬಿಯ ಬೆನ್ನಿನ ಮೇಲೆ ನಡುಮಧ್ಯೆ ಒಂದೇ ನೇರ ಗೆರೆ, ಎರಡು ಗಟ್ಟಿ ರೆಕ್ಕೆ ಅಲ್ಲಿ ಕೂಡುತ್ತವೆ. ಜಿರಳೆಯ ರೆಕ್ಕೆ ಒಂದರ ಮೇಲೊಂದು ಹೊದ್ದುಕೊಂಡಿರುತ್ತದೆ, ಮೀಸೆ ಮೈಯಷ್ಟೇ ಅಥವಾ ಅದಕ್ಕಿಂತ ಉದ್ದ.

ಕೆರೆಯ ಹತ್ತಿರದ ಬೀದಿದೀಪಗಳ ಕೆಳಗೆ ಅಂಗೈಯಗಲದ್ದು ಅನ್ನಿಸುವಷ್ಟು ದೊಡ್ಡ ಚಪ್ಪಟೆ ಹುಳ ಬಿದ್ದಿದ್ದರೆ ಅದು ನೀರಿನ ತಿಗಣೆ. ಮುಂಗಾಲುಗಳು ಇಕ್ಕಳದ ಹಾಗೆ ಬಾಗಿರುತ್ತವೆ. ಕೈಯಲ್ಲಿ ಹಿಡಿಯಬೇಡಿ, ಚುಚ್ಚಿದರೆ ಜೋರು ನೋವು. ರಾತ್ರಿಯೆಲ್ಲ ಕೀರ್ ಕೀರ್ ಅನ್ನುವ ಹುಳಕ್ಕೆ ಹಿಂಗಾಲು ದಪ್ಪ, ಜಿಗಿಯುತ್ತದೆ. ಜಿರಳೆ ಜಿಗಿಯುವುದಿಲ್ಲ, ಸದ್ದಿಲ್ಲದೆ ಓಡುತ್ತದೆ.

## ಆರೋಗ್ಯಕ್ಕೆ ಏನು ತೊಂದರೆ?

ಜಿರಳೆ ಸಾಮಾನ್ಯವಾಗಿ ಕಚ್ಚುವುದಿಲ್ಲ. ತೊಂದರೆ ಬರುವುದು ಕಾಲಿನಿಂದ. ಗಟಾರದಲ್ಲಿ ಓಡಾಡಿದ ಕಾಲು ರೊಟ್ಟಿ ಬುಟ್ಟಿಯ ಮೇಲೂ ಓಡಾಡಿದರೆ ಸಾಲ್ಮೊನೆಲ್ಲಾದಂಥ ಹೊಟ್ಟೆ ಕೆಡಿಸುವ ರೋಗಾಣುಗಳೂ ಜೊತೆಗೆ ಬರಬಹುದು.

ಎರಡನೆಯದರ ಬಗ್ಗೆ ಮಾತಾಡುವವರು ಕಮ್ಮಿ. ಜಿರಳೆಯ ಹಿಕ್ಕೆ, ಜೊಲ್ಲು, ಬಿಟ್ಟ ಪೊರೆ ಒಣಗಿ ಪುಡಿಯಾಗಿ ಮನೆಯ ಧೂಳಿನಲ್ಲಿ ಸೇರುತ್ತವೆ. ಅದರಿಂದ ಕೆಲವರಿಗೆ ಅಲರ್ಜಿ, ಅಸ್ತಮಾ ಇರುವ ಮಕ್ಕಳಿಗೆ ಉಬ್ಬಸ ಜಾಸ್ತಿ. ಅಮೆರಿಕದ ನಗರಗಳಲ್ಲಿ ಅಸ್ತಮಾ ಇರುವ ಮಕ್ಕಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಇದನ್ನು ಸ್ಪಷ್ಟವಾಗಿ ತೋರಿಸಿತು. ಈ ಲೆಕ್ಕದಲ್ಲಿ ಆಗಾಗ ಬಂದುಹೋಗುವ ದೊಡ್ಡದಕ್ಕಿಂತ ಮನೆಯೊಳಗೇ ನೂರಾರು ಸಂಖ್ಯೆಯಲ್ಲಿ ಇರುವ ಸಣ್ಣದು ಹೆಚ್ಚು ಚಿಂತೆಯ ವಿಷಯ. ಜನ ಹೆದರುವುದು ಮಾತ್ರ ದೊಡ್ಡದಕ್ಕೆ.

## ಗುರುತು ಸಿಕ್ಕ ಮೇಲೆ ಏನು ಮಾಡಬೇಕು?

ಅಮೆರಿಕನ್ ಜಿರಳೆ ಆಗಿದ್ದರೆ ದಾರಿ ಮುಚ್ಚುವುದೇ ಮುಖ್ಯ ಕೆಲಸ. ಬಳಸದ ಬಾತ್‌ರೂಮಿಗೂ ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕಿ, ಟ್ರ್ಯಾಪ್ ಒಣಗಬಾರದು. ಜಾಲರಿಯ ತೂತು ದೊಡ್ಡದಿದ್ದರೆ ಜಿರಳೆ ತಡೆಯುವ ಜಾಲರಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಸಿಂಕಿನ ಪೈಪ್ ನೆಲಕ್ಕೆ ಇಳಿಯುವ ಕಡೆ ಸುತ್ತ ಬಿಟ್ಟಿರುವ ಸಂದಿಯನ್ನು ಬಿಳಿ ಸಿಮೆಂಟ್‌ನಿಂದ ಮುಚ್ಚಿಸಿ. ಚೇಂಬರ್ ಮುಚ್ಚಳ ಒಡೆದಿದ್ದರೆ ಬದಲಿಸಿ. ಒಡೆದದ್ದು ಬೀದಿಯ ಒಳಚರಂಡಿ ಚೇಂಬರ್ ಆದರೆ ಪಾಲಿಕೆಗೆ ದೂರು ಕೊಡಬೇಕು, ಒಬ್ಬರ ಮನೆಯ ಕೆಲಸ ಅಲ್ಲ ಅದು. ಬೇಸಿನ್‌ನಲ್ಲಿ ಹಾಕುವ ನುಸಿಗುಳಿಗೆಯ ವಾಸನೆ ನಮಗೆ ತೊಂದರೆ ಕೊಡುವಷ್ಟು ಜಿರಳೆಗೆ ಕೊಡುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಪುಟ್ಟ ಮಕ್ಕಳಿರುವ ಮನೆಯಲ್ಲಂತೂ ಅದು ಬೇಡವೇ ಬೇಡ, ನುಂಗಿದರೆ ಅಪಾಯ.

ಜರ್ಮನ್ ಜಿರಳೆಗೆ ಸ್ಪ್ರೇ ಹೊಡೆದರೆ ಕಣ್ಣೆದುರಿನವು ಸಾಯುತ್ತವೆ, ಉಳಿದವು ಚದುರುತ್ತವೆ. ಇಷ್ಟು ದಿನ ಅಡುಗೆಮನೆಯಲ್ಲಿದ್ದವು ಪಕ್ಕದ ಕೋಣೆಗೂ ಹೋಗುತ್ತವೆ. ಜೊತೆಗೆ ಔಷಧಕ್ಕೆ ಒಗ್ಗಿಕೊಳ್ಳುವ ಶಕ್ತಿ ಇದಕ್ಕೆ ಜಾಸ್ತಿ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ತೋರಿಸಿದ್ದು ಇದನ್ನೇ: ಒಂದು ಔಷಧಕ್ಕೆ ಬಗ್ಗದ ಜಿರಳೆಗಳು ತಾವು ಎಂದೂ ಮುಟ್ಟದ ಬೇರೆ ಔಷಧಕ್ಕೂ ಬಗ್ಗದಂತಾಗುತ್ತವೆ.

ಇದಕ್ಕೆ ಸರಿಹೋಗುವುದು ಜೆಲ್. ಸಿರಿಂಜ್‌ನಂಥ ಟ್ಯೂಬಿನಲ್ಲಿ ಸಿಗುತ್ತದೆ. ಬಿಜಾಗರಿ, ಫ್ರಿಜ್ ಹಿಂಬದಿ, ಒಲೆಯ ಅಡಿ, ಡ್ರಾವರ್ ಮೂಲೆಗಳಲ್ಲಿ ಸಣ್ಣ ಸಣ್ಣ ಚುಕ್ಕಿ ಇಡಬೇಕು. ಒಂದೇ ಕಡೆ ದೊಡ್ಡ ಗುಡ್ಡೆ ಹಾಕಿದರೆ ಪ್ರಯೋಜನ ಇಲ್ಲ. ತಿಂದ ಜಿರಳೆ ತಕ್ಷಣ ಸಾಯದೆ ಸಂದಿಗೆ ಹೋಗಿ ಸಾಯುತ್ತದೆ. ಅದರ ಹಿಕ್ಕೆ, ಹೆಣ ತಿಂದ ಮರಿಗಳೂ ಸಾಯುತ್ತವೆ. ಜೆಲ್ ಇಟ್ಟ ಜಾಗದಲ್ಲಿ ಸ್ಪ್ರೇ ಹೊಡೆಯಬಾರದು, ಫಿನಾಯಿಲ್ ಒರೆಸಬಾರದು. ಹಾಗೆ ಮಾಡಿದರೆ ಅದನ್ನು ಜಿರಳೆ ಮುಟ್ಟುವುದಿಲ್ಲ. ಎರಡು-ಮೂರು ವಾರ ಬಿಟ್ಟು ಮತ್ತೊಮ್ಮೆ ಇಡಿ, ಏಕೆಂದರೆ ಚೀಲದೊಳಗಿನ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ.

ಗೋಧಿ ಹಿಟ್ಟು, ಸಕ್ಕರೆ, ಬೋರಿಕ್ ಪೌಡರ್ ಕಲಸಿ ಉಂಡೆ ಮಾಡಿಡುವ ಹಳೇ ಉಪಾಯ ಎಲ್ಲರಿಗೂ ಗೊತ್ತು, ಕ್ಯಾರಂ ಬೋರ್ಡಿಗೆ ಹಾಕುವ ಅದೇ ಪೌಡರ್. ಬೋರಿಕ್ ಆಸಿಡ್ ಜಿರಳೆಯನ್ನು ಕೊಲ್ಲುವುದು ನಿಜ, ನಿಧಾನಕ್ಕೆ. ಆದರೆ ಒಂದು ತಮಾಷೆ ಇದೆ. ಸಿಹಿ ಜೆಲ್ ಮುಟ್ಟದ ಜರ್ಮನ್ ಜಿರಳೆಗಳು ಅಮೆರಿಕದಲ್ಲಿ ಸಿಕ್ಕವು. ಗ್ಲೂಕೋಸ್ ಆ ಜಿರಳೆಗಳ ಬಾಯಿಗೆ ಕಹಿಯಾಗಿ ಕಾಣುತ್ತದೆ ಅಂತ 2013ರಲ್ಲಿ ಗೊತ್ತಾಯಿತು. ಸಿಹಿ ಇಷ್ಟಪಟ್ಟವು ವಿಷ ತಿಂದು ಸತ್ತವು, ಇಷ್ಟಪಡದವು ಉಳಿದು ಮರಿ ಮಾಡಿದವು, ಅಷ್ಟೇ ಲೆಕ್ಕ. ಹಾಗಾಗಿ ಒಂದು ಬ್ರ್ಯಾಂಡಿನ ಜೆಲ್ ಕೆಲಸ ಮಾಡದಿದ್ದರೆ ಬೇರೆ ಔಷಧವಿರುವ ಇನ್ನೊಂದು ಜೆಲ್ ತನ್ನಿ. ಜೆಲ್ ಇರಲಿ, ಉಂಡೆ ಇರಲಿ, ಮಕ್ಕಳ ಮತ್ತು ಸಾಕುಪ್ರಾಣಿಗಳ ಕೈಗೆ ಸಿಗದ ಜಾಗದಲ್ಲೇ ಇಡಬೇಕು.

ಕಂದು ಪಟ್ಟಿಯದಕ್ಕೂ ಜೆಲ್ಲೇ, ಆದರೆ ಎತ್ತರದಲ್ಲಿ. ಜೊತೆಗೆ ಫೋಟೋ, ಗಡಿಯಾರ ಇಳಿಸಿ ಹಿಂಬದಿಯ ಮೊಟ್ಟೆ ಚೀಲಗಳನ್ನು ಕೆರೆದು ತೆಗೆಯಬೇಕು. ಆಸ್ಟ್ರೇಲಿಯನ್ ಮತ್ತು ಸುರಿನಾಮ್‌ಗೆ ಮನೆ ಗೋಡೆಗೆ ಆನಿಸಿದ ಕುಂಡ, ಕಟ್ಟಿಗೆ, ತರಗೆಲೆ ಒಂದಷ್ಟು ದೂರ ಸರಿಸಿದರೆ ಸಾಕು.

## ಇನ್ನೂ ಅನುಮಾನ ಇದ್ದರೆ

ಕಿರಾಣಿ ಅಂಗಡಿಯಲ್ಲಿ ಅಂಟು ಹಾಳೆ ಸಿಗುತ್ತದೆ. ರಾತ್ರಿ ಒಂದು ಬಚ್ಚಲಿನ ಬಾಗಿಲ ಹತ್ತಿರ, ಒಂದು ಫ್ರಿಜ್ ಪಕ್ಕ, ಒಂದು ಟಿವಿ ಸ್ಟ್ಯಾಂಡ್ ಮೇಲೆ ಇಡಿ. ಬೆಳಿಗ್ಗೆ ಯಾವ ಹಾಳೆಯಲ್ಲಿ ಯಾವುದು ಸಿಕ್ಕಿದೆ ಅನ್ನುವುದೇ ನಿಮ್ಮ ಮನೆಯ ನಕ್ಷೆ. ಸಿಕ್ಕಿದ್ದರಲ್ಲಿ ಮರಿಗಳೂ ಇದ್ದರೆ ಹತ್ತಿರದಲ್ಲೇ ಸಂಸಾರ ಇದೆ ಅಂತ ಅರ್ಥ, ಬರೀ ದೊಡ್ಡವು ಒಂದೆರಡು ಇದ್ದರೆ ಹೊರಗಿನಿಂದ ಬಂದಿರುವ ಸಾಧ್ಯತೆ ಜಾಸ್ತಿ.

ಫೋಟೋ ತೆಗೆಯುವುದಾದರೆ ನೇರ ಮೇಲಿನಿಂದ ತೆಗೆಯಿರಿ, ಕತ್ತಿನ ಫಲಕ ಸ್ಪಷ್ಟ ಬರಲಿ, ಪಕ್ಕದಲ್ಲಿ ನಾಣ್ಯ ಇರಲಿ. ಚಪ್ಪಲಿಯಲ್ಲಿ ಅಪ್ಪಚ್ಚಿ ಮಾಡಿದ ಜಿರಳೆಯ ಫೋಟೋ ಕಳಿಸಿ "ಇದು ಯಾವುದು" ಅಂತ ಕೇಳಿದರೆ ಯಾರೂ ಹೇಳಲಾರರು. ಐನ್ಯಾಚುರಲಿಸ್ಟ್ ಆಪ್‌ನಲ್ಲಿ ಹಾಕಿದರೆ ಕೀಟಗಳನ್ನು ಬಲ್ಲವರು ಗುರುತಿಸುತ್ತಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ವಿಭಾಗವೂ ಇದೆ. ಅಲ್ಲಿ ತೋರಿಸುವುದಾದರೆ ಫೋಟೋಗಿಂತ ಹುಳವೇ ಮೇಲು: ಖಾಲಿ ಡಬ್ಬಿಯಲ್ಲಿ ಹಾಕಿ, ಮೇಲೆ ಚೀಟಿ ಅಂಟಿಸಿ, ಎಲ್ಲಿ ಸಿಕ್ಕಿತು, ಯಾವ ದಿನ, ಹಗಲೋ ರಾತ್ರಿಯೋ ಅಂತ ಬರೆದು ತೆಗೆದುಕೊಂಡು ಹೋಗಿ.